ಕ್ಲಿಪ್ ಜೊತೆ ಲೈಟ್ ಹಿಡಿದರೆ ದವಡೆ ಬೇಗ ಸರಿಹೋಗುತ್ತದಾ?

ಈ ಸಲ ಬಂದ ಪ್ರಶ್ನೆಗಳಲ್ಲಿ ಅರ್ಧಕ್ಕರ್ಧ ಒಂದೇ ವಿಷಯದ ಸುತ್ತ ಇದ್ದವು. ಹಲ್ಲಿನ ಕ್ಲಿಪ್ ಜೊತೆಗೆ ಕೆಂಪು ಲೈಟೋ ಲೇಸರೋ ಹಿಡಿದರೆ ದವಡೆ ಬೇಗ ಸರಿಹೋಗುತ್ತದಂತೆ, ನಿಜವಾ ಅಂತ. ಹಾಗಾಗಿ ಬಾಯಿವಾಸನೆ, ಬುದ್ಧಿಹಲ್ಲಿನ ಪತ್ರಗಳನ್ನು ಮುಂದಿನ ಸಲಕ್ಕೆ ಎತ್ತಿಟ್ಟಿದ್ದೇನೆ. ಬರೆದವರು ಬೇಜಾರಾಗಬೇಡಿ.

ಪ್ರಶ್ನೆ: ಡಾಕ್ಟ್ರೇ, ನನ್ನ ಮಗನಿಗೆ 12 ವರ್ಷ. ಮೇಲಿನ ಹಲ್ಲು ಮುಂದೆ ಬಂದಿವೆ, ಕೆಳದವಡೆ ಹಿಂದಕ್ಕೆ ಹೋದ ಹಾಗಿದೆ, ತುಟಿ ಸೇರುವುದೇ ಇಲ್ಲ. ಶಾಲೆಯಲ್ಲಿ ಅಡ್ಡಹೆಸರಿಟ್ಟು ರೇಗಿಸುತ್ತಾರಂತೆ. ನಮ್ಮ ಡಾಕ್ಟರ್ ಟ್ವಿನ್ ಬ್ಲಾಕ್ ಅನ್ನೋ ಪ್ಲೇಟ್ ಕೊಟ್ಟಿದ್ದಾರೆ. ಇನ್ನೊಂದು ಕಡೆ ವಿಚಾರಿಸಿದಾಗ, ಜೊತೆಗೆ ಲೈಟ್ ಥೆರಪಿ ಮಾಡಿಸಿದರೆ ದವಡೆ ಅರ್ಧ ಸಮಯದಲ್ಲಿ ಬೆಳೆಯುತ್ತದೆ, 40 ಸಾವಿರ ಜಾಸ್ತಿ ಆಗುತ್ತದೆ ಅಂದರು. ಕೊಡಲಾ?
— ಒಬ್ಬ ತಾಯಿ, ದಾವಣಗೆರೆ

ಉತ್ತರ: ಕೊಡಬೇಡಿ, ತಾಯಿ. ಯಾಕೆ ಅಂತ ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ. ಇಲ್ಲದಿದ್ದರೆ ನಾಳೆ ಇನ್ಯಾರೋ 20 ಸಾವಿರಕ್ಕೆ ಮಾಡಿಕೊಡುತ್ತೇನೆ ಅಂದಾಗ ಮನಸ್ಸು ಮತ್ತೆ ಹೊಯ್ದಾಡುತ್ತದೆ.

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. ಹಲ್ಲು ಸರಿಸುವುದು ಬೇರೆ, ದವಡೆ ಸರಿಮಾಡುವುದು ಬೇರೆ. ಹಲ್ಲಿನ ಮೇಲೆ ಸಣ್ಣ ಒತ್ತಡ ಹಾಕಿ ತಿಂಗಳುಗಟ್ಟಲೆ ಬಿಟ್ಟರೆ, ಒತ್ತಿದ ಕಡೆಯ ಮೂಳೆ ಕರಗುತ್ತದೆ, ಹಿಂದೆ ಬಿಟ್ಟ ಜಾಗದಲ್ಲಿ ಹೊಸ ಮೂಳೆ ತುಂಬಿಕೊಳ್ಳುತ್ತದೆ. ಇದು 12ನೇ ವಯಸ್ಸಿಗೂ ಆಗುತ್ತದೆ, 50ಕ್ಕೂ ಆಗುತ್ತದೆ. ದವಡೆ ಹಾಗಲ್ಲ. ಅದು ಬೆಳೆಯುವ ಕಾಲದಲ್ಲಿ ಮಾತ್ರ ನಮ್ಮ ಮಾತು ಸ್ವಲ್ಪ ಕೇಳುತ್ತದೆ. ಹುಡುಗಿಯರಿಗೆ ಹೆಚ್ಚುಕಮ್ಮಿ 10ರಿಂದ 13, ಹುಡುಗರಿಗೆ 12ರಿಂದ 15. ನಿಮ್ಮ ಮಗ ಸರಿಯಾದ ಬಾಗಿಲಲ್ಲೇ ನಿಂತಿದ್ದಾನೆ. ಬೆಳವಣಿಗೆ ಯಾವ ಹಂತದಲ್ಲಿದೆ ಅಂತ ನೋಡಲು ಮುಖದ ಪಕ್ಕದಿಂದ ಎಕ್ಸ್‌ರೇ ತೆಗೆದಿರುತ್ತಾರಲ್ಲ, ಅದರಲ್ಲಿ ಕತ್ತಿನ ಮೂಳೆಗಳ ಆಕಾರವನ್ನೂ ನೋಡುತ್ತಾರೆ. ಕೇಳಿ ತಿಳಿದುಕೊಳ್ಳಿ.

ಟ್ವಿನ್ ಬ್ಲಾಕ್ ಅನ್ನು 1977ರಲ್ಲಿ ಸ್ಕಾಟ್ಲೆಂಡಿನ ವಿಲಿಯಂ ಕ್ಲಾರ್ಕ್ ಅನ್ನುವ ದಂತವೈದ್ಯರು ಮಾಡಿದ್ದು. ಮೇಲೊಂದು ಕೆಳಗೊಂದು ಪ್ಲೇಟ್, ಎರಡಕ್ಕೂ ಸುಮಾರು 70 ಡಿಗ್ರಿ ಇಳಿಜಾರಿನ ದಪ್ಪ ಕಟ್ಟೆ. ಬಾಯಿ ಮುಚ್ಚಿದರೆ ಕೆಳದವಡೆ ಬೇರೆ ದಾರಿಯಿಲ್ಲದೆ ಇಳಿಜಾರಿನಲ್ಲಿ ಜಾರಿ ಮುಂದೆ ಬಂದು ನಿಲ್ಲುತ್ತದೆ. ಊಟ ಮಾಡುವಾಗಲೂ ಹಾಕಿಕೊಂಡೇ ಇರಬೇಕು, ಆಗಲೇ ಅದಕ್ಕೆ ಬಲ ಜಾಸ್ತಿ. ಸಾಮಾನ್ಯವಾಗಿ 9ರಿಂದ 12 ತಿಂಗಳ ಕೆಲಸ.

ಇನ್ನು ಲೈಟ್ ವಿಷಯ. ಇದು ಪೂರ್ತಿ ಬೊಗಳೆಯಲ್ಲ, ಅದೇ ತೊಂದರೆ. ಪೂರ್ತಿ ಬೊಗಳೆಯಾಗಿದ್ದರೆ ಎರಡು ಸಾಲಿನಲ್ಲಿ ಉತ್ತರ ಮುಗಿಯುತ್ತಿತ್ತು. 1967ರಲ್ಲಿ ಹಂಗೇರಿಯ ಬುಡಾಪೆಸ್ಟ್‌ನಲ್ಲಿ ಎಂಡ್ರೆ ಮೆಸ್ಟರ್ ಅನ್ನುವ ವೈದ್ಯರು ಇಲಿಗಳ ಬೆನ್ನು ಬೋಳಿಸಿ ಸಣ್ಣ ಶಕ್ತಿಯ ಲೇಸರ್ ಹಿಡಿದರು. ಲೇಸರ್ ಬಿದ್ದ ಇಲಿಗಳಿಗೆ ಕೂದಲು ಬೇಗ ಬಂತು. ಅಲ್ಲಿಂದ ಶುರುವಾದ ಕಥೆ ಇದು. ಮೈಟೋಕಾಂಡ್ರಿಯಾ ನೆನಪಿದೆ ಅಲ್ವಾ, ಹೈಸ್ಕೂಲಿನಲ್ಲಿ 'ಜೀವಕೋಶದ ಶಕ್ತಿಕೇಂದ್ರ' ಅಂತ ಬರೆದು ಮಾರ್ಕು ತಗೊಂಡಿದ್ದೆವಲ್ಲ, ಅದರೊಳಗಿನ ಒಂದು ಕಿಣ್ವ ಕೆಂಪು ಬೆಳಕನ್ನೂ, ಕೆಂಪಿನಾಚೆಗಿನ ಕಣ್ಣಿಗೆ ಕಾಣದ ಬೆಳಕನ್ನೂ ಹೀರಿಕೊಳ್ಳುತ್ತದೆ. ಆಗ ಜೀವಕೋಶ ಸ್ವಲ್ಪ ಚುರುಕಾಗುತ್ತದೆ. ಬೆಳಕಿನಿಂದ ಮೂಳೆಯ ಜೀವಕೋಶವೂ ಚುರುಕಾದರೆ ಹಲ್ಲು ಬೇಗ ಸರಿಯಬೇಕಲ್ಲ ಅನ್ನುವುದು ನಮ್ಮವರ ತರ್ಕ.

2004ರಲ್ಲಿ ಬ್ರೆಜಿಲ್‌ನಲ್ಲಿ 11 ಜನರ ಬಾಯಲ್ಲಿ ನೋಡಿದರು. ಕೋರೆಹಲ್ಲು ಹಿಂದಕ್ಕೆಳೆಯುವಾಗ ಒಂದು ಬದಿಗೆ ಲೇಸರ್, ಇನ್ನೊಂದು ಬದಿಗೆ ಬರೀ ಸ್ಪ್ರಿಂಗ್. ಲೇಸರ್ ಬದಿ ಬೇಗ ಸರಿಯಿತು. ಎಲ್ಲರಿಗೂ ಖುಷಿ. 2006ರಲ್ಲಿ ಥಾಯ್ಲೆಂಡಿನವರು 12 ಜನರಲ್ಲಿ ಹಾಗೇ ಮಾಡಿದರು. ಎರಡೂ ಬದಿ ಒಂದೇ ವೇಗ. ಆಮೇಲೂ ಇದೇ ಹಾವು ಏಣಿ ಆಟ ನಡೆದಿದೆ. ಬೆಳಕಿನ ಬಣ್ಣ ಬೇರೆ, ಪ್ರಮಾಣ ಬೇರೆ, ಎಷ್ಟು ದಿನಕ್ಕೊಮ್ಮೆ ಅನ್ನುವುದೂ ಬೇರೆ. ಪ್ರಮಾಣದಲ್ಲಿ ಇನ್ನೊಂದು ಕೊಕ್ಕೆ ಇದೆ: ಕಡಿಮೆಯಾದರೆ ಏನೂ ಆಗುವುದಿಲ್ಲ, ಜಾಸ್ತಿಯಾದರೆ ಜೀವಕೋಶ ಉಲ್ಟಾ ಮಂದವಾಗುತ್ತದೆ. ಸಾರಿಗೆ ಉಪ್ಪು ಹಾಕಿದ ಹಾಗೆ. ಕೊಕ್ರೇನ್ ಸಂಸ್ಥೆ ಇಂಥ ಪ್ರಯೋಗಗಳನ್ನೆಲ್ಲ ಗುಡ್ಡೆಹಾಕಿ ತೂಗಿ ನೋಡುತ್ತದೆ. 2023ರಲ್ಲಿ ಅವರು ಹೇಳಿದ್ದನ್ನು ನಮ್ಮ ಮಾತಲ್ಲಿ ಹೇಳುವುದಾದರೆ, ಒಟ್ಟು ಚಿಕಿತ್ಸೆಯ ಅವಧಿ ಬೆಳಕಿನಿಂದ ಕಡಿಮೆಯಾಗುವಂತೆ ಕಾಣುತ್ತಿಲ್ಲ, ನಡುವಿನ ಕೆಲವು ಹಂತಗಳಲ್ಲಿ ಸ್ವಲ್ಪ ವೇಗ ಸಿಗಬಹುದು, ಆದರೆ ಅದರಿಂದ ರೋಗಿಗೆ ಆಗುವ ಲಾಭ ಅನುಮಾನ, ಸಾಕ್ಷ್ಯವೂ ಗಟ್ಟಿಯಿಲ್ಲ.

ಗಮನಿಸಿ, ಇದೆಲ್ಲ ಹಲ್ಲಿನ ಲೆಕ್ಕ. ನಿಮಗೆ ಮಾರಲು ಬಂದಿರುವುದು ದವಡೆಯ ಲೆಕ್ಕ. ಇಲಿ, ಮೊಲಗಳ ದವಡೆ ಕೀಲಿಗೆ ಲೇಸರ್ ಹಿಡಿದು ಅಲ್ಲಿನ ಮೃದ್ವಸ್ಥಿ ಜಾಸ್ತಿ ಬೆಳೆದದ್ದನ್ನು ನೋಡಿದವರಿದ್ದಾರೆ, ಅದು ನಿಜ. ಆದರೆ ಇಲಿಯ ಕೀಲು ಚರ್ಮದ ಕೆಳಗೇ ಇದೆ. ನಿಮ್ಮ ಮಗನ ಕೀಲು ಕಿವಿಯ ಮುಂದೆ, ಚರ್ಮ, ಕೊಬ್ಬು, ಗ್ರಂಥಿ ಎಲ್ಲ ದಾಟಿ ಒಳಗಿದೆ. ಅಲ್ಲಿಗೆ ಹೋಗುವಷ್ಟರಲ್ಲಿ ಬೆಳಕಿನ ಬಹುಪಾಲು ದಾರಿಯಲ್ಲೇ ಖರ್ಚಾಗಿರುತ್ತದೆ. ಇಲಿಯ ಫಲಿತಾಂಶ ತೋರಿಸಿ ಮಗುವಿಗೆ ಬಿಲ್ ಮಾಡುವುದು ಸರಿಯಲ್ಲ.

ಇನ್ನೊಂದು ಮಾತು, ಇದನ್ನು ಪ್ಲೇಟ್ ಕೊಡುವವರೂ ಬಿಡಿಸಿ ಹೇಳುವುದಿಲ್ಲ. ಟ್ವಿನ್ ಬ್ಲಾಕ್ ಒಂದರಿಂದಲೇ ದವಡೆ ಎಷ್ಟು ಬೆಳೆಯುತ್ತದೆ? ಬ್ರಿಟನ್ನಿನಲ್ಲಿ 8ರಿಂದ 10 ವರ್ಷದ 174 ಮಕ್ಕಳ ಮೇಲೆ ನಡೆದ ದೊಡ್ಡ ಪ್ರಯೋಗದ ಫಲಿತಾಂಶ 2003ರಲ್ಲಿ ಬಂತು. ಮೇಲಿನ ಹಲ್ಲಿನ ಮುಂಚಾಚು ಚೆನ್ನಾಗಿಯೇ ಕಡಿಮೆಯಾಗಿತ್ತು, ಆದರೆ ದೊಡ್ಡ ಪಾಲು ಹಲ್ಲು ಸರಿದದ್ದರಿಂದ, ದವಡೆಯ ಪಾಲು ಚಿಕ್ಕದು. ಹಾಗಂತ ಪ್ಲೇಟ್ ವ್ಯರ್ಥ ಅಂತಲ್ಲ. ತುಟಿ ಸೇರುತ್ತದೆ, ಕಚ್ಚುವುದು ಸರಿಹೋಗುತ್ತದೆ, ಕ್ರಿಕೆಟ್ ಆಡುವಾಗ ಬಿದ್ದು ಮುಂದಿನ ಹಲ್ಲು ಮುರಿದುಕೊಳ್ಳುವ ಅಪಾಯ ಇಳಿಯುತ್ತದೆ, ಅಡ್ಡಹೆಸರೂ ಹೋಗುತ್ತದೆ. ಅದು ಸಣ್ಣ ವಿಷಯವಲ್ಲ.

ಈ ಕೆಲಸಕ್ಕೆಲ್ಲ ಬೇಕಾದ್ದು ಗಂಟೆ. ಪ್ಲೇಟ್ ಬಾಯಲ್ಲಿ ಎಷ್ಟು ಗಂಟೆ ಇದೆ ಅನ್ನುವುದೇ. ನನ್ನ ಕ್ಲಿನಿಕ್ಕಿನಲ್ಲಿ ಪ್ಲೇಟ್ ಕಳೆದುಹೋಗುವ ಮೊದಲ ಜಾಗ ಶಾಲೆ. ಊಟಕ್ಕೆ ಕೂತಾಗ ತೆಗೆದು ಟಿಶ್ಯೂ ಪೇಪರಿನಲ್ಲಿ ಸುತ್ತಿಡುತ್ತಾರೆ, ಗಂಟೆ ಹೊಡೆದಾಗ ಅದೇ ಕಸದ ಬುಟ್ಟಿಗೆ. ಗಟ್ಟಿ ಡಬ್ಬಿ ಕೊಡಿ, ಮೇಲೆ ಹೆಸರು, ಫೋನ್ ನಂಬರ್ ಬರೆಯಿರಿ. ಆ 40 ಸಾವಿರ ಬ್ಯಾಂಕಿನಲ್ಲೇ ಇರಲಿ. ಪ್ಲೇಟ್ ಆದ ಮೇಲೆ ತಂತಿ ಕ್ಲಿಪ್ ಹಾಕುವ ಖರ್ಚು ಹೇಗೂ ಬರುತ್ತದೆ.

ಪ್ರಶ್ನೆ: ನನಗೆ 27. ಕೆಳದವಡೆ ಮುಂದೆ ಇದೆ, ಮೇಲಿನ ಹಲ್ಲು ಕೆಳಗಿನ ಹಲ್ಲಿನ ಹಿಂದೆ ಕೂರುತ್ತವೆ. ಏಪ್ರಿಲ್‌ನಲ್ಲಿ ಮದುವೆ. ಬಾಯಲ್ಲಿ ಕಚ್ಚಿ ಹಿಡಿಯುವ ಲೈಟ್ ಮೌತ್‌ಪೀಸ್ ಆನ್‌ಲೈನ್‌ನಲ್ಲಿ ನೋಡಿದೆ. ದಿನಾ 10 ನಿಮಿಷ ಸಾಕಂತೆ. ಅಷ್ಟರೊಳಗೆ ದವಡೆ ಹಿಂದೆ ಹೋಗುತ್ತದಾ ಮೇಡಂ?
— ಹೆಸರು ಬೇಡ, ಹುಬ್ಬಳ್ಳಿ

ಉತ್ತರ: ಇಲ್ಲಮ್ಮ. ಏಪ್ರಿಲ್ ಅಲ್ಲ, ಮುಂದಿನ ಏಪ್ರಿಲ್ ಬಂದರೂ ಇಲ್ಲ. ನಿನ್ನ ದವಡೆ ಬೆಳೆದು ನಿಂತಾಗಿದೆ. ಯಾವ ಬೆಳಕೂ ಅದನ್ನು ಕುಗ್ಗಿಸುವುದಿಲ್ಲ.

ಅಂಥ ಮೌತ್‌ಪೀಸ್‌ಗಳು ಇರುವುದು ನಿಜ. 850 ನ್ಯಾನೋಮೀಟರ್ ತರಂಗಾಂತರದ ಬೆಳಕಿನ ಸಣ್ಣ ಎಲ್‌ಇಡಿಗಳನ್ನು ಮೆತ್ತನೆಯ ಸಿಲಿಕೋನಿನಲ್ಲಿ ಕೂರಿಸಿರುತ್ತಾರೆ, ಮೇಲಿನ ಸಾಲಿಗೆ 5 ನಿಮಿಷ, ಕೆಳಗಿನದಕ್ಕೆ 5. ಆದರೆ ಅದನ್ನು ಮಾಡಿರುವುದು ಕ್ಲಿಪ್ ಅಥವಾ ಅಲೈನರ್ (ಹಲ್ಲಿನ ಮೇಲೆ ಕೂರುವ ಪಾರದರ್ಶಕ ಪ್ಲಾಸ್ಟಿಕ್ ಅಚ್ಚು) ಈಗಾಗಲೇ ಹಾಕಿಕೊಂಡವರ ಹಲ್ಲಿಗೆ. ಕ್ಲಿಪ್ಪೇ ಇಲ್ಲದೆ ಬರೀ ಬೆಳಕು ಹಿಡಿದರೆ ತಳ್ಳುವವರು ಯಾರು? ಗಾಡಿಗೆ ಎತ್ತೇ ಕಟ್ಟದೆ ಗಾಲಿಗೆ ಎಣ್ಣೆ ಹಾಕಿದ ಹಾಗೆ. ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಸಿಗುವುದರಲ್ಲಿ ಯಾವ ಬೆಳಕು, ಎಷ್ಟು ಶಕ್ತಿ ಅಂತ ಬರೆದೇ ಇರುವುದಿಲ್ಲ. ಜೋರಾಗಿ ಕೆಂಪಗೆ ಹೊಳೆಯುತ್ತದೆ ಅಂದರೆ ಅದು ಬರೀ 850 ಅಲ್ಲ ಅಂತ ಮಾತ್ರ ಗೊತ್ತಾಗುತ್ತದೆ, ಯಾಕೆಂದರೆ 850 ಕಣ್ಣಿಗೆ ಕಾಣುವುದೇ ಹೆಚ್ಚುಕಡಿಮೆ ಇಲ್ಲ.

ನಿನ್ನ ಮುಂದೆ ಇರುವ ದಾರಿ ಎರಡು. ತೊಂದರೆ ಸ್ವಲ್ಪವೇ ಇದ್ದರೆ ದವಡೆಯನ್ನು ಹಾಗೇ ಬಿಟ್ಟು, ಕ್ಲಿಪ್ ಹಾಕಿ ಹಲ್ಲುಗಳನ್ನು ಮಾತ್ರ ಓರೆಮಾಡಿ ಕಚ್ಚುವುದನ್ನು ಹೊಂದಿಸಬಹುದು. ಜಾಸ್ತಿ ಇದ್ದರೆ ಆಪರೇಷನ್. ಒಂದು ವರ್ಷವೋ ಒಂದೂವರೆ ವರ್ಷವೋ ಕ್ಲಿಪ್ ಹಾಕಿ ಹಲ್ಲು ಜೋಡಿಸಿಕೊಂಡು, ಆಮೇಲೆ ದವಡೆಯ ಮೂಳೆಯನ್ನು ಎರಡೂ ಬದಿ ಸೀಳಿ ಹಿಂದೆ ಸರಿಸಿ ಟೈಟಾನಿಯಂ ಪ್ಲೇಟು, ಸ್ಕ್ರೂ ಹಾಕಿ ಕೂರಿಸುತ್ತಾರೆ. ಆಸ್ಟ್ರಿಯಾದ ಹ್ಯೂಗೋ ಒಬ್ವೆಗೆಸರ್ 1950ರ ದಶಕದಲ್ಲಿ ರೂಪಿಸಿದ ವಿಧಾನ, ಇವತ್ತಿಗೂ ಅದರದೇ ಸುಧಾರಿಸಿದ ರೂಪ ನಡೆಯುತ್ತಿದೆ. ಸಾಮಾನ್ಯವಾಗಿ ಬಾಯೊಳಗಿಂದಲೇ ಮಾಡುತ್ತಾರೆ, ಹಾಗಾಗಿ ಮುಖದ ಮೇಲೆ ದೊಡ್ಡ ಗಾಯದ ಗುರುತು ಉಳಿಯುವುದಿಲ್ಲ. ಕೆಳತುಟಿ ಕೆಲವು ತಿಂಗಳು ಮರಗಟ್ಟಿದ ಹಾಗಿರಬಹುದು, ಕೆಲವರಿಗೆ ಅದು ಪೂರ್ತಿ ಹೋಗುವುದೂ ಇಲ್ಲ. ಇದನ್ನು ಮೊದಲೇ ತಿಳಿದಿರಬೇಕು. ಧಾರವಾಡದ ಎಸ್‌ಡಿಎಂ ನಿನಗೆ ಹತ್ತಿರ, ಬೆಳಗಾವಿಯ ಕೆಎಲ್‌ಇ ಕೂಡ. ದಂತ ಕಾಲೇಜಿನ ಆಸ್ಪತ್ರೆಗಳಲ್ಲಿ ಕ್ಲಿಪ್ಪಿನವರು, ಆಪರೇಷನ್ನಿನವರು ಒಂದೇ ಸೂರಿನಡಿ ಸಿಗುತ್ತಾರೆ, ಖಾಸಗಿ ಕ್ಲಿನಿಕ್ಕಿಗಿಂತ ಖರ್ಚೂ ಸಾಮಾನ್ಯವಾಗಿ ಕಡಿಮೆ.

ಮದುವೆಗೆ ಮುಂಚೆಯೇ ಆಗಬೇಕು ಅಂತ ಏನಿದೆ? ಹುಡುಗ ನೋಡಿಯೇ ಒಪ್ಪಿದ್ದಾನಲ್ಲ. ಫೋಟೋ ಆಗಲಿ, ಊಟ ಆಗಲಿ, ಆಮೇಲೆ ನಿಧಾನಕ್ಕೆ ಇಬ್ಬರೂ ಸೇರಿ ಹೋಗಿ ತೋರಿಸಿ.

ಪ್ರಶ್ನೆ: ಮಗಳಿಗೆ 9 ವರ್ಷ. ಮೇಲಿನ ದವಡೆ ಇಕ್ಕಟ್ಟು ಅಂತ ಬಾಯಿಯ ಅಂಗುಳಕ್ಕೆ ಸ್ಕ್ರೂ ಇರುವ ಸಾಧನ ಹಾಕಿದ್ದಾರೆ, ದಿನಾ ನಾನೇ ಕೀಲಿ ತಿರುಗಿಸಬೇಕು. ವಾರದಲ್ಲೇ ಮುಂದಿನ ಎರಡು ಹಲ್ಲಿನ ನಡುವೆ ದೊಡ್ಡ ಸಂದು ಬಿದ್ದಿದೆ, ಹೆದರಿಕೆಯಾಗುತ್ತಿದೆ. ಇದಕ್ಕೂ ಲೇಸರ್ ಹಿಡಿಯುತ್ತಾರಂತೆ, ಹೌದಾ?
— ಮೈಸೂರಿನಿಂದ ಒಬ್ಬರು

ಉತ್ತರ: ಸಂದು ಬಿತ್ತು ಅಂದರೆ ಕೆಲಸ ಆಗುತ್ತಿದೆ ಅಂತ ಅರ್ಥ, ಹೆದರಬೇಡಿ. ಅಂಗುಳದ ಮೂಳೆ ಒಂದೇ ತುಂಡಲ್ಲ, ನಡುವೆ ಹೊಲಿಗೆಯಂಥ ಜೋಡಣೆ ಇದೆ. ಮಕ್ಕಳಲ್ಲಿ ಅದು ಇನ್ನೂ ಬಿಗಿಯಾಗಿರುವುದಿಲ್ಲ. ನೀವು ಒಂದು ಸಲ ತಿರುಗಿಸಿದರೆ ಕಾಲು ಮಿಲಿಮೀಟರಿನಷ್ಟು ಅಗಲವಾಗುತ್ತದೆ. ಸಂದು ಮುಂದೆ ತಾನಾಗಿಯೇ ಮುಚ್ಚಿಕೊಳ್ಳುತ್ತದೆ. 1860ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಎಮರ್ಸನ್ ಏಂಜೆಲ್ ಅನ್ನುವವರು ಇದನ್ನು ಮೊದಲು ಮಾಡಿ ಬರೆದಾಗ ಆಗಿನ ದಂತವೈದ್ಯರೇ ನಂಬಿರಲಿಲ್ಲ.

ಲೇಸರ್ ಬಗ್ಗೆ ನನಗೆ ಕುತೂಹಲ ಇರುವ ಜಾಗ ಅಂದರೆ ಇದೇ. ಅಂಗುಳದ ಮೂಳೆ ಬಾಯೊಳಗೆ ತೆಳು ಚರ್ಮದ ಹಿಂದೆಯೇ ಇದೆ, ಬೆಳಕು ಅಲ್ಲಿಗೆ ತಲುಪುತ್ತದೆ. 1997ರಲ್ಲಿ ಜಪಾನಿನವರು ಇಲಿಗಳ ಅಂಗುಳ ಅಗಲಿಸಿ ಲೇಸರ್ ಹಿಡಿದಾಗ ಹೊಸ ಮೂಳೆ 1.2ರಿಂದ 1.4 ಪಟ್ಟು ಬೆಳೆದಿತ್ತು. ಮಕ್ಕಳ ಮೇಲೂ ಸಣ್ಣ ಪ್ರಯೋಗಗಳಾಗಿವೆ, ಕೆಲವದರಲ್ಲಿ ಎಕ್ಸ್‌ರೇಯಲ್ಲಿ ಮೂಳೆ ಬೇಗ ತುಂಬಿದಂತೆ ಕಂಡಿದೆ. ಆದರೆ ಒಂದು ಪ್ರಶ್ನೆ ನೀವೇ ಡಾಕ್ಟರನ್ನು ಕೇಳಿ: ಲೇಸರ್ ಹಿಡಿದರೆ ಸಾಧನವನ್ನು ಎಷ್ಟು ಮುಂಚೆ ತೆಗೆಯುತ್ತೀರಿ? ಹೇಗೂ 3ರಿಂದ 6 ತಿಂಗಳು ಬಿಡುತ್ತೇವೆ ಅಂದರೆ, ಆ ದುಡ್ಡಿಗೆ ಮಗುವಿಗೆ ಸಿಕ್ಕಿದ್ದೇನು? ಫೀಸು ಬೇಡ, ಹಾಗೇ ಹಿಡಿಯುತ್ತೇವೆ ಅಂದರೆ ಸರಿ, ನನ್ನ ತಕರಾರಿಲ್ಲ.

ಪ್ರಶ್ನೆ: ಪ್ರತಿ ತಿಂಗಳು ತಂತಿ ಟೈಟ್ ಮಾಡಿದ ಮೇಲೆ ಮೂರು ದಿನ ಅನ್ನ ಅಗಿಯಲೂ ಆಗುವುದಿಲ್ಲ. ಇದಕ್ಕಾದರೂ ಲೈಟ್ ಪ್ರಯೋಜನವಾ?
— ವಿದ್ಯಾರ್ಥಿ, ಮಂಗಳೂರು

ಉತ್ತರ: ಇದಕ್ಕೆ ಸ್ವಲ್ಪ ಹೌದು. ನೋವಿನ ವಿಷಯದಲ್ಲಿ ಲೇಸರ್‌ನ ಫಲಿತಾಂಶ ವೇಗದ ವಿಷಯಕ್ಕಿಂತ ವಾಸಿ, ಮೊದಲ ಒಂದೆರಡು ದಿನ ನೋವು ಇಳಿದದ್ದನ್ನು ಹಲವು ಪ್ರಯೋಗಗಳು ತೋರಿಸಿವೆ. ನನ್ನಲ್ಲೂ ಒಂದು ಡಯೋಡ್ ಲೇಸರ್ ಇದೆ, ತಂತಿ ಚುಚ್ಚಿ ಹುಣ್ಣಾದವರಿಗೆ ಹಿಡಿಯುತ್ತೇನೆ, ಅದಕ್ಕೆ ಬೇರೆ ಬಿಲ್ ಹಾಕುವುದಿಲ್ಲ. ಆದರೆ ಇದಕ್ಕೋಸ್ಕರ ನೀನು ಏನೂ ಕೊಳ್ಳಬೇಡ. ಡಾಕ್ಟರನ್ನು ಕೇಳಿ ಪ್ಯಾರಾಸಿಟಮಾಲ್, ಎರಡು ದಿನ ಗಂಜಿ, ಮೊಸರನ್ನ. ನೀರುದೋಸೆ ಇರುವ ಊರಿನವನು ನೀನು, ಮೆತ್ತಗಿನ ತಿಂಡಿಗೆ ಬರವಾ! ಚಕ್ಕುಲಿ ಮಾತ್ರ ಕ್ಲಿಪ್ ತೆಗೆಯುವವರೆಗೂ ಬೇಡ, ಹಲ್ಲಿಗೆ ಅಂಟಿಸಿದ ಬ್ರ್ಯಾಕೆಟ್ ಕಿತ್ತುಬರುತ್ತದೆ.

ಪ್ರಶ್ನೆ: ಮೊಮ್ಮಗಳಿಗೆ ಲೇಸರ್ ಕಿರಣ ಹಿಡಿಯುತ್ತಾರೆ ಅಂದಾಗಿನಿಂದ ನನಗೆ ನಿದ್ದೆ ಇಲ್ಲ. ಎಕ್ಸ್‌ರೇ ತರಹ ಅಲ್ಲವೇ ಅದು? ಕ್ಯಾನ್ಸರ್ ಗೀನ್ಸರ್ ಬಂದರೆ?
— ನಿವೃತ್ತ ಮೇಷ್ಟ್ರು, ತುಮಕೂರು

ಉತ್ತರ: ನಿದ್ದೆ ಮಾಡಿ ಮೇಷ್ಟ್ರೇ. ಎಕ್ಸ್‌ರೇ ಬೇರೆ ಜಾತಿ. ಅದಕ್ಕೆ ಜೀವಕೋಶದೊಳಗಿನ ಡಿಎನ್‌ಎ ಮುರಿಯುವ ಶಕ್ತಿ ಇದೆ, ಕೆಂಪು ಬೆಳಕಿಗೆ ಇಲ್ಲ. ಕ್ಯಾನ್ಸರ್ ಚಿಕಿತ್ಸೆ ಪಡೆಯುವವರ ಬಾಯಲ್ಲಿ ಭಯಂಕರ ಹುಣ್ಣಾಗುತ್ತದಲ್ಲ, ಅದನ್ನು ತಡೆಯಲು ಇದೇ ಬೆಳಕನ್ನು ಬಳಸಿ ಅಂತ ಅಂತರರಾಷ್ಟ್ರೀಯ ಮಾರ್ಗಸೂಚಿಗಳೇ ಹೇಳುತ್ತವೆ. ಆದರೂ ಗೆಡ್ಡೆ ಇರುವ ಜಾಗಕ್ಕೇ ನೇರವಾಗಿ ಸುಮ್ನೆ ಹಿಡಿಯುವುದಿಲ್ಲ, ಅಷ್ಟು ಎಚ್ಚರ ಇದ್ದೇ ಇದೆ.

ಜಾಗ್ರತೆ ಬೇಕಾದ್ದು ಕಣ್ಣಿಗೆ. ಲೇಸರ್ ಹಿಡಿಯುವಾಗ ಮಗುವಿಗೂ ಕನ್ನಡಕ, ಡಾಕ್ಟರಿಗೂ ಕನ್ನಡಕ, ಪಕ್ಕದಲ್ಲಿ ನಿಂತ ನಿಮಗೂ ಕನ್ನಡಕ. ಕಾಣದ ಬೆಳಕು ಕಣ್ಣಿಗೆ ಬಿದ್ದರೆ ರೆಪ್ಪೆ ತಾನಾಗಿ ಮುಚ್ಚುವುದಿಲ್ಲ, ಅದಕ್ಕೇ. ಕನ್ನಡಕ ಕೊಡದವರ ಹತ್ತಿರ ಮಾಡಿಸಬೇಡಿ. ಮಗು ಬಿಸಿಲಿಗೆ ಚರ್ಮ ಸೂಕ್ಷ್ಮವಾಗುವಂಥ ಮಾತ್ರೆ ಏನಾದರೂ ತಗೊಳ್ಳುತ್ತಿದ್ದರೆ ಅದನ್ನೂ ಹೇಳಿ.

ಪ್ರಶ್ನೆ: ನಾವು ನ್ಯೂಜೆರ್ಸಿಯಲ್ಲಿದ್ದೇವೆ. ಇಲ್ಲಿ ಕ್ಲಿಪ್ ದುಬಾರಿ. ಬೇಸಿಗೆ ರಜೆಗೆ ಊರಿಗೆ ಬಂದಾಗ ಮಗನಿಗೆ ಕ್ಲಿಪ್ ಹಾಕಿಸಿ, ಲೈಟ್ ಸಾಧನ ಜೊತೆಗೆ ತಂದು ಇಲ್ಲಿ ನಾವೇ ಹಿಡಿದರೆ ಎರಡು ತಿಂಗಳಿಗೊಮ್ಮೆ ಡಾಕ್ಟರ್ ಭೇಟಿ ತಪ್ಪಿಸಬಹುದಾ?
— ಒಬ್ಬ ಅಪ್ಪ

ಉತ್ತರ: ಆಗುವುದಿಲ್ಲ ಸರ್. ಬೆಳಕು ತಂತಿ ಬದಲಾಯಿಸುವುದಿಲ್ಲ. ನೋಡುವವರಿಲ್ಲದೆ ಬಿಟ್ಟ ಕ್ಲಿಪ್ ಹಲ್ಲನ್ನು ಬೇಡದ ಕಡೆಗೂ ಎಳೆದುಕೊಂಡು ಹೋಗುತ್ತದೆ, ಜೊತೆಗೆ ಹುಳುಕು. ಎಲ್ಲಿ ವರ್ಷವಿಡೀ ಇರುತ್ತೀರೋ ಅಲ್ಲೇ ಹಾಕಿಸಿ. ಅಲ್ಲಿನ ಡೆಂಟಲ್ ಸ್ಕೂಲ್‌ಗಳಲ್ಲೂ ಕಡಿಮೆ ಫೀಸಿಗೆ ಮಾಡುವ ವ್ಯವಸ್ಥೆ ಇರುತ್ತದೆ, ವಿಚಾರಿಸಿ.

ಪ್ರಶ್ನೆ: ನನಗೆ 13 ವರ್ಷ. ಟ್ವಿನ್ ಬ್ಲಾಕ್ ಹಾಕಿಕೊಂಡು ಮಾತಾಡಿದರೆ ಕ್ಲಾಸಿನಲ್ಲಿ ಎಲ್ಲರೂ ನಗುತ್ತಾರೆ. ಹಗಲು ತೆಗೆದಿಟ್ಟು, ರಾತ್ರಿ ಮಾತ್ರ ಹಾಕಿ, ಬದಲಿಗೆ ಲೈಟ್ ಹಿಡಿಸಿಕೊಂಡರೆ ಸಾಲದಾ?
— ಶಿರಸಿಯಿಂದ

ಉತ್ತರ: ಸಾಲದು ಮರಿ. ಆದರೆ ನಗುವುದಕ್ಕೆ ನನ್ನ ಹತ್ತಿರ ಔಷಧ ಇದೆ. ನಾಲಿಗೆಗೆ ಜಾಗ ಕಡಿಮೆಯಾಗಿದೆ ಅಷ್ಟೇ, ಒಂದೆರಡು ವಾರದಲ್ಲಿ ಅದು ಹೊಸ ದಾರಿ ಕಂಡುಕೊಳ್ಳುತ್ತದೆ, ಪ್ಲೇಟ್ ತೆಗೆದು ತೆಗೆದು ಹಾಕಿದರೆ ಮಾತ್ರ ಕಲಿಯುವುದೇ ಇಲ್ಲ. ದಿನಾ ಸಂಜೆ ಪ್ಲೇಟ್ ಹಾಕಿಕೊಂಡೇ ಅರ್ಧ ಪುಟ ಪೇಪರ್ ಜೋರಾಗಿ ಓದು. ಆಮೇಲೆ 'ತರೀಕೆರೆ ಏರಿ ಮೇಲೆ ಮೂರು ಕರಿ ಕುರಿಮರಿ ಮೇಯ್ತಿತ್ತು' ಅಂತ ಹತ್ತು ಸಲ ಹೇಳು. ಚೆನ್ನಾಗಿ ಬಂದ ಮೇಲೆ ಕ್ಲಾಸಿನಲ್ಲಿ ನಗುವವರಿಗೆ ಅದನ್ನೇ ಬೇಗ ಬೇಗ ಹೇಳಲು ಹೇಳು, ಪ್ಲೇಟ್ ಇಲ್ಲದೇ ಎಷ್ಟು ಜನ ತಪ್ಪುತ್ತಾರೆ ಅಂತ ಲೆಕ್ಕ ಹಾಕಿ ನನಗೆ ಬರೆದು ಕಳಿಸು.